ನೂರನೆಯ ಕಣದ ಗಂಟೆ

ಅವರು ನನ್ನನ್ನು ಕೇಳಿದ್ದು ಒಂದೇ ಒಂದು. "ಪುಟ್ಟೀನ ಒಂದ್ಸಲ ಸುಮ್ನೆ ಕರ್ಕೊಂಡು ಬನ್ನಿ. ಸೂಜಿ ಇಲ್ದೆ. ಮೈಕ್ರೋಸ್ಕೋಪಲ್ಲಿ ತೋರಿಸ್ತೀನಿ, ಈ ಆಂಟಿ ಯಾಕೆ ಅಷ್ಟು ಸಲ ಚುಚ್ಚಿದ್ಲು ಅಂತ."

ಆಗಲಿ ಎಂದೆ. ಆಗ ಮಗಳಿಗೆ ನಾಲ್ಕೂವರೆ ವರ್ಷ. ಈಗ ಹನ್ನೊಂದು ತುಂಬಿದೆ. ಅವರಿದ್ದ ರಕ್ತಪರೀಕ್ಷೆಯ ಲ್ಯಾಬು ನಮ್ಮ ಮನೆಯಿಂದ ನಡೆದರೆ ಎಂಟು ನಿಮಿಷ, ದಾರಿಯಲ್ಲಿ ಸೊಪ್ಪು ಕೊಂಡರೆ ಹದಿನೈದು. ಹೋಗಲಿಲ್ಲ. ಹೋದ ತಿಂಗಳು ನನ್ನ ಶುಗರ್ ಪರೀಕ್ಷೆಗೆಂದು ಬರಿಹೊಟ್ಟೆಯಲ್ಲಿ ಮೆಟ್ಟಿಲು ಹತ್ತಿದಾಗ, ಅವರ ಜಾಗದಲ್ಲಿ ಕನ್ನಡಕ ಹಾಕಿದ ಇನ್ನೊಬ್ಬ ಮೇಡಂ ಕೂತಿದ್ದರು. ರಜೆಯಾ ಎಂದು ಕೇಳಿದೆ.

"ಅವ್ರು ಹೋಗ್ಬಿಟ್ರಲ್ಲ ಮೇಡಂ. ಹದಿನೈದು ದಿನ ಆಯ್ತು. ಮನೇಲೇ, ಹಾರ್ಟ್ ಅಂತೆ. ತಮ್ಮ ಬಂದು ಊರಿಗೆ ತಗೊಂಡು ಹೋದ್ರು. ಕೈ ಇಡಿ ಇಲ್ಲಿ."

ಕೈ ಇಟ್ಟೆ. ರಕ್ತ ತೆಗೆದರು, ಹತ್ತಿ ಒತ್ತಿದರು. ಒತ್ತಿ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದೆ. ಬಾಗಲಗುಂಟೆಯ ಮುಖ್ಯರಸ್ತೆಯಲ್ಲಿ ಎಂದಿನ ಹಾಗೇ ಪೀಣ್ಯದ ಕಡೆ ಹೋಗುವ ಬಸ್ಸುಗಳು, ಫ್ಯಾಕ್ಟರಿಗೆ ಹೊರಟ ಬೈಕುಗಳು, ನೀರಿನ ಟ್ಯಾಂಕರು. ಒಬ್ಬರು ಇಲ್ಲವಾಗಿ ಹದಿನೈದು ದಿನವಾದರೂ ನನಗೆ ಗೊತ್ತಾಗದೆ ಹೋದದ್ದು ಹೇಗೆ ಎಂದು ಯೋಚಿಸುತ್ತ ನಿಂತೆ. ಉತ್ತರ ಸುಲಭವಾಗಿತ್ತು. ಗೊತ್ತಾಗುವಷ್ಟು ಹತ್ತಿರ ನಾವು ಯಾರೂ ಅವರನ್ನು ಇಟ್ಟುಕೊಂಡಿರಲಿಲ್ಲ.

ದೊಡ್ಡವರು ಅವರನ್ನು ಲ್ಯಾಬ್ ಮೇಡಂ ಎನ್ನುತ್ತಿದ್ದರು. ಮಕ್ಕಳು ಸೂಜಿ ಆಂಟಿ ಎನ್ನುತ್ತಿದ್ದವು. ಹೆಸರು ರಿಪೋರ್ಟಿನ ಕೆಳಗೆ, ಸಹಿಯ ಜೊತೆಯಲ್ಲಿರುತ್ತಿತ್ತು. ಆ ಹೆಸರು ಹಿಡಿದು ನಾನು ಒಂದು ದಿನವೂ ಕರೆದವಳಲ್ಲ. ಇಲ್ಲೂ ಬೇಡ.

ಔಷಧಿ ಅಂಗಡಿಗೂ ಸ್ಟೀಲ್ ಪಾತ್ರೆ ಅಂಗಡಿಗೂ ನಡುವೆ ಕಿರಿದಾದ ಮೆಟ್ಟಿಲು, ಅದನ್ನು ಹತ್ತಿದರೆ ಲ್ಯಾಬು. ಕೆಳಗಿನಿಂದ ಪಾತ್ರೆ ಜೋಡಿಸುವ ಸದ್ದು, ಮೇಲೆ ಸ್ಪಿರಿಟ್ಟಿನ ವಾಸನೆ. ಅವರಿಗೆ ಆಗ ಐವತ್ತರ ಆಸುಪಾಸು. ತೆಳ್ಳಗಿನ ದೇಹ, ಕಾಟನ್ ಸೀರೆ, ಅದರ ಮೇಲೆ ಅರ್ಧ ತೋಳಿನ ಸ್ವೆಟರು, ಅದರ ಮೇಲೆ ಬಿಳಿ ಕೋಟು. ಏಪ್ರಿಲ್ ತಿಂಗಳಲ್ಲೂ ಸ್ವೆಟರು. ಗಂಡಸರು ಕಟ್ಟುವ ದೊಡ್ಡ ಗಡಿಯಾರ ಕಟ್ಟುತ್ತಿದ್ದರು, ಅದರ ಮುಖ ಮಣಿಕಟ್ಟಿನ ಒಳಗಡೆಗೆ. ಮಗುವಿನ ಕೈ ಹಿಡಿಯುವ ಮೊದಲು ತಮ್ಮ ಅಂಗೈಗಳನ್ನು ಚೆನ್ನಾಗಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವರು. "ಸೂಜಿಗಿಂತ ಮೊದ್ಲು ತಣ್ಣಗಿನ ಕೈಗೇ ಹೆದರ್ತವೆ" ಎನ್ನುವರು.

ಅವರು ಮಕ್ಕಳಿಗೆ ಸುಳ್ಳು ಹೇಳುತ್ತಿರಲಿಲ್ಲ. ಇರುವೆ ಕಚ್ಚಿದ ಹಾಗೆ, ಏನೂ ಆಗಲ್ಲ, ಆ ಕಡೆ ನೋಡು ಕಾಗೆ, ಇವೆಲ್ಲ ಅವರ ಬಾಯಲ್ಲಿ ಬಂದದ್ದೇ ಇಲ್ಲ. "ನೋಯುತ್ತೆ ಕಂದಾ. ಹತ್ತು ಎಣಿಸೋವರ್ಗೂ ನೋಯುತ್ತೆ. ಆಮೇಲೆ ಬಿಟ್ಬಿಡ್ತೀನಿ" ಎಂದು ಹೇಳಿ, ತಾವೇ ಗಟ್ಟಿಯಾಗಿ ಎಣಿಸುವರು. ಎಂಟಕ್ಕೋ ಒಂಬತ್ತಕ್ಕೋ ಸೂಜಿ ಹೊರಗೆ ಬಂದಿರುತ್ತಿತ್ತು, ಹತ್ತು ದಾಟಿದ್ದನ್ನು ನಾನು ನೋಡಿಲ್ಲ. ಚಾಕಲೇಟು ಕೊಡಬಾರದೇ ಎಂದು ಒಮ್ಮೆ ಕೇಳಿದ್ದೆ. "ಕೊಡ್ತಿದ್ದೆ ಕಣ್ರೀ ಮೊದ್ಲು. ಆಮೇಲೆ ಮಕ್ಕಳು ಅಂಗಡೀಲಿ ಚಾಕ್ಲೇಟ್ ಕಂಡ್ರೂ ಅಳೋಕೆ ಶುರು ಮಾಡಿದ್ವು. ಅದ್ನೂ ಯಾಕೆ ಕೆಡಿಸ್ಲಿ ಅಂತ ಬಿಟ್ಟೆ."

ಆದರೆ ಇಷ್ಟೆಲ್ಲ ನಿಯತ್ತು ಇದ್ದರೂ ಮಕ್ಕಳಿಗೆ ಅವರೆಂದರೆ ಭಯ. ಅದನ್ನು ಬೆಳೆಸಿದವರು ನಾವು ತಾಯಂದಿರು. ಅನ್ನ ಉಗುಳಿದರೆ, ಮಲಗದೆ ಹಟ ಮಾಡಿದರೆ, "ಸೂಜಿ ಆಂಟೀನ ಕರೀಲಾ?" ಎಂದರೆ ಸಾಕು. ನಮ್ಮ ಬೀದಿಯ ಹತ್ತು ಮನೆಗಳಲ್ಲಿ ಆ ಮಾತಿಲ್ಲದ ಮನೆ ಇರಲಿಲ್ಲ. ನಾನೂ ಹೇಳಿದ್ದೇನೆ. ಅವರು ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಸಂಕ್ರಾಂತಿಯ ದಿನ ಹೆಣ್ಣುಮಕ್ಕಳು ರೇಷ್ಮೆಲಂಗ ಉಟ್ಟು ಎಳ್ಳು ಬೀರಲು ಹೊರಟರೆ ಗಿರಣಿಯವರೆಗೆ ಬಂದು ವಾಪಸು ತಿರುಗುತ್ತಿದ್ದವು, ಮೇಲೆ ಹತ್ತುತ್ತಿರಲಿಲ್ಲ. ಅವರು ಮಾತ್ರ ಪ್ರತಿ ವರ್ಷ ಎಳ್ಳು ಹುರಿದು, ಕೊಬ್ಬರಿ ಹೆಚ್ಚಿ, ಮರುದಿನ ಲ್ಯಾಬಿನ ಕೌಂಟರಿನಲ್ಲಿ ಒಂದು ಡಬ್ಬಿಯಲ್ಲಿ ಇಡುವರು. ಶುಗರ್ ಪರೀಕ್ಷೆಗೆ ಬಂದವರೇ ಹೆಚ್ಚು. ಯಾರೂ ತಿನ್ನುವ ಹಾಗಿಲ್ಲ.

ನಮಗೂ ಅವರಿಗೂ ಗುರುತಾದದ್ದು ಪುಟ್ಟಿಯ ಕುರುಗಳಿಂದ. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಮೈಮೇಲೆ ಒಂದರ ಹಿಂದೊಂದು ಕುರು. ಅದು ಮಾಯುವ ಹೊತ್ತಿಗೆ ಕಿವಿ ಸೋರುವುದು, ಕಿವಿ ನಿಂತರೆ ಬಾಯಿಹುಣ್ಣು. ಹತ್ತಿರದ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಬರೆದುಕೊಡುವರು. ಕುಡಿಸಿದಷ್ಟು ದಿನ ಗುಣ, ಮುಗಿದ ವಾರಕ್ಕೆ ಮತ್ತೆ ಶುರು. ರಕ್ತಪರೀಕ್ಷೆ ಎರಡು ಸಲ ಬೇರೆ ಕಡೆ ಆಗಿತ್ತು. ಬಿಳಿ ರಕ್ತಕಣಗಳ ಒಟ್ಟು ಲೆಕ್ಕ ಸರಿಯಿದೆ, ಏನೂ ತೊಂದರೆಯಿಲ್ಲ ಎಂದು ಎರಡು ಸಲವೂ ಬಂದಿತ್ತು. ನಮ್ಮತ್ತೆ ದೃಷ್ಟಿ ತೆಗೆದರು, ಒಣಮೆಣಸಿನಕಾಯಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ, ಅಂದರೆ ದೃಷ್ಟಿಯೇ ಎಂದು ನಿರ್ಧರಿಸಿದರು.

ಮೂರನೆಯ ಸಲ ಈ ಲ್ಯಾಬಿಗೆ ಹೋದೆವು. ಅವರು ರಕ್ತ ತೆಗೆದು, ಮಿಷನ್ನಿಗೆ ಕೊಟ್ಟು, ಆಮೇಲೆ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು ಒಳಗೆ ಹೋದರು. ಮುಕ್ಕಾಲು ಗಂಟೆ ಬರಲಿಲ್ಲ. ಬಂದವರು ಪುಟ್ಟಿಯ ತುಟಿ ಮೆಲ್ಲಗೆ ಎತ್ತಿ ಕೆಂಪಾಗಿದ್ದ ವಸಡು ನೋಡಿದರು. "ಮಿಷನ್ ಲೆಕ್ಕ ಹಾಕುತ್ತೆ, ನೋಡಲ್ಲ" ಎಂದರು. ಬಿಳಿಕಣಗಳಲ್ಲಿ ನಾಲ್ಕೈದು ಜಾತಿ. ಕೀವಿನ ಸೋಂಕು ಬಂದರೆ ಮುಂದೆ ನಿಂತು ಹೊಡೆದಾಡುವ ಜಾತಿಗೆ ನ್ಯೂಟ್ರೋಫಿಲ್ ಎಂದು ಹೆಸರು. ನಮ್ಮ ಮಗುವಿಗೆ ಒಟ್ಟು ಲೆಕ್ಕವೇನೋ ತುಂಬಿತ್ತು, ಅದನ್ನು ತುಂಬಿದವು ಉಳಿದ ಜಾತಿಗಳು. ನೂರು ಕಣ ನೋಡಿದರೆ, ಮೂವತ್ತರ ಆಸುಪಾಸಾದರೂ ಇರಬೇಕಿದ್ದ ಹೊಡೆದಾಡುವವು ಮೂರು.

"ಮೂರಾ?" ಎಂದೆ.

"ನಾನು ಜಾಸ್ತಿ ಹೇಳೋ ಹಾಗಿಲ್ಲಮ್ಮ. ಇದನ್ನ ತಗೊಂಡು ದೊಡ್ಡ ಮಕ್ಕಳಾಸ್ಪತ್ರೆಗೆ ಹೋಗಿ. ನಾಳೆ ನಾಡಿದ್ದು ಅನ್ಬೇಡಿ. ಇವತ್ತೇ."

ದೊಡ್ಡ ಆಸ್ಪತ್ರೆಯಲ್ಲಿ ಹತ್ತಾರು ಸಲ ಓಡಾಟವಾಯಿತು. ಎಲುಬಿನ ಮಜ್ಜೆಯ ಪರೀಕ್ಷೆಯೂ ಆಯಿತು. ಆ ದಿನದ ಬಗ್ಗೆ ಬರೆಯಲಾರೆ. ಕೊನೆಗೆ ಅಲ್ಲಿಯ ಡಾಕ್ಟರು ಹೇಳಿದ್ದು ಇಷ್ಟು. ಮಜ್ಜೆ ಕಣಗಳನ್ನು ಚೆನ್ನಾಗಿಯೇ ತಯಾರಿಸುತ್ತಿದೆ, ಮಗುವಿನ ದೇಹವೇ ಅವನ್ನು ಪರಕೀಯ ಎಂದು ತಿಳಿದು ಕೊಲ್ಲುತ್ತಿದೆ. ಪುಟ್ಟ ಮಕ್ಕಳಲ್ಲಿ ಹೀಗಾಗುವುದುಂಟು, ಬಹಳಷ್ಟು ಮಕ್ಕಳಿಗೆ ನಾಲ್ಕೈದು ವರ್ಷದ ಹೊತ್ತಿಗೆ ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ಕಾಯಬೇಕು. ಥರ್ಮಾಮೀಟರಿನಲ್ಲಿ ನೂರು ಪಾಯಿಂಟ್ ನಾಲ್ಕು ಕಂಡರೆ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಬರಬೇಕು. ನಡುವೆ ಆಗಾಗ ರಕ್ತ ನೋಡಿಸುತ್ತಿರಬೇಕು.

ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಮೇಡಂ ಬಿಡಿಸಿ ಹೇಳಿದರು. ನನ್ನ ಗಂಡ ಪೀಣ್ಯದಲ್ಲಿ ಲೇತ್ ಮಿಷನ್ ನಡೆಸುವವರು ಎಂದು ಗೊತ್ತಿತ್ತು. "ನಿಮ್ಮೆಜಮಾನ್ರ ಫ್ಯಾಕ್ಟ್ರಿ ಇದ್ಯಲ್ಲ. ಕೆಲಸದವ್ರು ದಿನಾ ಬರ್ತಾರೆ, ಕಾರ್ಡ್ ಇದೆ, ಎಲ್ಲಾ ಸರಿಯಿದೆ. ಆದ್ರೆ ಗೇಟಲ್ಲಿರೋ ಸೆಕ್ಯೂರಿಟಿ ಕಾರ್ಡ್ ನೋಡಿ, ನೀನು ನಮ್ಮೋನಲ್ಲ ಕಳ್ಳ ಅಂತ ಹೊರಗೆ ಹಾಕ್ತಾನೆ. ಒಳಗೆ ಮಿಷನ್ ನಡ್ಸೋರಿಲ್ಲ. ಅಷ್ಟೇ."

"ಆ ಸೆಕ್ಯೂರಿಟೀನ ಕೆಲಸದಿಂದ ತೆಗೆಯೋಕಾಗಲ್ವಾ ಮೇಡಂ?"

"ಅವನೂ ಬೇಕಲ್ಲಮ್ಮ. ಬೇರೆ ಕಳ್ರನ್ನ ಹಿಡಿಯೋನೂ ಅವನೇ. ಬುದ್ಧಿ ಬರೋವರ್ಗೂ ಕಾಯ್ಬೇಕು."

ಕಾದೆವು. ಮೂರು ವರ್ಷಕ್ಕೂ ಮೇಲೆ. ಆ ಮೂರು ವರ್ಷ ನಾನು ಮದುವೆಗೆ ಹೋಗಲಿಲ್ಲ, ಗೃಹಪ್ರವೇಶಕ್ಕೆ ಹೋಗಲಿಲ್ಲ. ಕೆಮ್ಮುವ ನೆಂಟರು ಬಂದರೆ ಗೇಟಿನಲ್ಲೇ ಮಾತಾಡಿಸಿ ಕಳಿಸಿದೆ, ಮೊದಮೊದಲು ಬೇಸರ ಮಾಡಿಕೊಂಡರು, ಆಮೇಲೆ ಬರುವುದನ್ನೇ ಬಿಟ್ಟರು. ನಮ್ಮ ಬಾಡಿಗೆದಾರರ ಮಕ್ಕಳು ಕೆಳಗೆ ಆಡುವುದನ್ನು ಪುಟ್ಟಿ ಬಾಲ್ಕನಿಯ ಸರಳುಗಳ ನಡುವೆ ಮೂಗು ತೂರಿಸಿ ನೋಡುವಳು. ಬೆಳಿಗ್ಗೆ ಗಂಡ ಶಿಫ್ಟಿಗೆ ಹೋದರೆ, ಅತ್ತೆ ಬಾಗಲಗುಂಟೆಯ ಹಳೇ ಊರಿನ ಗುಡಿಯ ಕಟ್ಟೆಗೆ ಹೋದರೆ, ಮನೆಯಲ್ಲಿ ನಾನು, ಮಗು, ಥರ್ಮಾಮೀಟರು. ಬಾಟಲು ಕುದಿಸುವುದು, ಆಟಿಕೆ ತೊಳೆಯುವುದು, ಹಣೆ ಮುಟ್ಟುವುದು, ಮತ್ತೆ ಮುಟ್ಟುವುದು. ತಿಂಗಳಿಗೊಮ್ಮೆ, ಕೆಲವು ಸಲ ಹದಿನೈದು ದಿನಕ್ಕೊಮ್ಮೆ, ಮಂಗಳವಾರ ಬೆಳಿಗ್ಗೆ ಲ್ಯಾಬು. ಹೊರಗಿನ ಒಬ್ಬ ದೊಡ್ಡ ಮನುಷ್ಯರ ಜೊತೆ ನಾನು ಕೂತು ಮಾತಾಡುತ್ತಿದ್ದದ್ದು ಅಲ್ಲಿ ಮಾತ್ರ. ಮಗಳು ಅತ್ತುಕೊಂಡು ಬರುವ ಜಾಗಕ್ಕೆ ನಾನು ಹಿಂದಿನ ದಿನವೇ ಸೀರೆ ತೆಗೆದಿಟ್ಟುಕೊಳ್ಳುತ್ತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ.

ರಕ್ತ ಕೊಟ್ಟ ಮೇಲೆ ಅತ್ತೆ ಪುಟ್ಟಿಯನ್ನು ಎತ್ತಿಕೊಂಡು ಮನೆಗೆ ಹೋಗುವರು. ನಾನು ಬೆಂಚಿನ ಮೇಲೆ ಕಾಯುವೆ. ಬೆಂಚಿಗೂ ಒಳಕೋಣೆಗೂ ನಡುವೆ ಮಸುಕು ಗಾಜಿನ ಬಾಗಿಲು. ಒಳಗೆ ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಿಳಿಕಣ ಎಣಿಸುವರು. ಎಣಿಸುವುದಕ್ಕೆ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ, ಹಳೇ ಟೈಪ್‌ರೈಟರಿನ ಹಾಗೆ ಅದಕ್ಕೆ ಒಂದು ಸಾಲು ಕೀಲಿ, ಒಂದೊಂದು ಜಾತಿಗೆ ಒಂದೊಂದು. ಕಣ್ಣು ಎತ್ತದೆ ಬೆರಳಿನಲ್ಲಿ ಒತ್ತುತ್ತ ಹೋಗುವರು. ಟಕ್, ಟಕ್, ಟಕ್. ಎಲ್ಲ ಸೇರಿ ನೂರಾದಾಗ ಪೆಟ್ಟಿಗೆ ಸೈಕಲ್ ಬೆಲ್ಲಿನಂತೆ ಟಿಣ್ ಎನ್ನುವುದು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದ ಸಂಖ್ಯೆ ನನ್ನ ಕೈಗೆ ಕೊಡುವರು. ಅಚ್ಚಾದ ರಿಪೋರ್ಟು ಸಂಜೆಗೆ. ಆ ಚೀಟಿ ಕೊಡಬೇಕೆಂದು ಯಾವ ನಿಯಮವೂ ಇರಲಿಲ್ಲ. ಸಂಜೆಯವರೆಗೆ ನಾನು ಹೇಗೆ ಇರುತ್ತೇನೆ ಎಂದು ಅವರಿಗೆ ಗೊತ್ತಿತ್ತು.

ಆ ಪೆಟ್ಟಿಗೆಯ ಒಂದು ಕೀಲಿ ಸಡಿಲವಾಗಿತ್ತು. ಉಳಿದವು ಟಕ್ ಎಂದರೆ ಅದು ಚಟ್ ಎನ್ನುತ್ತಿತ್ತು. ನಾಲ್ಕೈದು ಮಂಗಳವಾರ ಕೂತು ಕೇಳಿ, ಚೀಟಿಯ ಸಂಖ್ಯೆಗೆ ಹೊಂದಿಸಿ ನೋಡಿ, ಚಟ್ ಎನ್ನುವುದೇ ನಮಗೆ ಬೇಕಾದ ಕಣ ಎಂದು ಕಂಡುಕೊಂಡೆ. ಆಮೇಲೆ ಚೀಟಿಗೆ ಮೊದಲೇ ನನಗೆ ಉತ್ತರ ಗೊತ್ತಿರುತ್ತಿತ್ತು. ಬೆರಳು ಮಡಿಸಿ ಎಣಿಸುವೆ. ಒಮ್ಮೆ ನಾಲ್ಕು. ಒಮ್ಮೆ ಎರಡು. ಒಮ್ಮೆ ಟಕ್ ಟಕ್ ಟಕ್ ಎಂದು ಹೋಗಿ ಹೋಗಿ, ಚಟ್ ಎನ್ನುವುದೇ ಬರದೆ ಗಂಟೆ ಬಾರಿಸಿಬಿಟ್ಟಿತು. ಆ ದಿನ ಅವರು ಹೊರಗೆ ಬಂದು ಚೀಟಿ ಕೊಡದೆ ನನ್ನ ಪಕ್ಕ ಬೆಂಚಿನ ಮೇಲೆ ಕೂತರು. "ಇನ್ನೊಂದು ನೂರು ನೋಡ್ತೀನಿ, ಇರಿ" ಎಂದು ಎದ್ದುಹೋದರು. ಎರಡನೆಯ ನೂರರಲ್ಲಿ ಒಂದು ಸಿಕ್ಕಿತು. ಬೆರಳೊಂದನ್ನು ಮೇಲೆತ್ತಿ, ಏನೋ ಗೆದ್ದವರ ಹಾಗೆ ಬಾಗಿಲಲ್ಲಿ ನಿಂತರು.

ಈಗ ನಾನು ಮಾಡಿದ ತಪ್ಪಿನ ವಿಷಯ.

ಪುಟ್ಟಿಗೆ ಎರಡೂವರೆ ದಾಟಿದರೂ ಕಿವಿ ಚುಚ್ಚಿಸಿರಲಿಲ್ಲ. ಕಣ ಏರುವವರೆಗೆ ಬೇಡ ಎಂದು ಡಾಕ್ಟರು ಹೇಳಿದ್ದರು. ನಮ್ಮತ್ತೆಗೆ ಅದೊಂದು ದೊಡ್ಡ ಕೊರಗು. "ಅಲ್ಲ ಕಣಮ್ಮಿ, ಊರೆಲ್ಲ ಕೇಳ್ತದೆ, ಆ ಮನೆ ಮೊಮ್ಮಗು ಗಂಡೋ ಎಣ್ಣೋ ಅಂತ. ಇಂಗೆ ಬೋಳ್ ಕಿವೀಲಿ ಎಷ್ಟ್ ದಿನ ಮಡಗ್ತೀಯ?" ಆ ತಿಂಗಳು ಮಗು ಸ್ವಲ್ಪ ಚೆನ್ನಾಗಿದ್ದಳು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದು ಪದ್ಧತಿ, ನನ್ನ ತಮ್ಮನಿಗೆ ಬುಧವಾರ ರಜೆ. ಈ ಮಂಗಳವಾರ ಕಣ ಚೆನ್ನಾಗಿ ಬಂದರೆ ನಾಳೆಯೇ ಮಾಡಿಸಿಬಿಡುತ್ತೇವೆ ಎಂದು ನಾನೇ ಮೇಡಂ ಹತ್ತಿರ ಹೇಳಿದೆ. "ನೋಡೋಣ. ಚೀಟಿ ತಗೊಂಡು ಹೋಗಿ" ಎಂದರು.

ಬೆಂಚಿನ ಮೇಲೆ ಕೂತೆ. ಟಕ್, ಚಟ್, ಟಕ್, ಚಟ್ ಚಟ್. ಬೆರಳುಗಳು ಮುಗಿದು ಮತ್ತೆ ಮೊದಲಿನಿಂದ ಮಡಿಸಿದೆ. ಗಂಟೆ ಬಾರಿಸಿದಾಗ ಇಪ್ಪತ್ತೆರಡು. ಒಂದೂವರೆ ವರ್ಷದಲ್ಲಿ ಅಷ್ಟು ಬಂದಿರಲೇ ಇಲ್ಲ. ಬಾಗಿಲು ತೆರೆಯುವವರೆಗೂ ಕೂರಲಾಗಲಿಲ್ಲ. ಮೆಟ್ಟಿಲಿಳಿದು, ಪಾತ್ರೆ ಅಂಗಡಿಯ ಮುಂದೆಯೇ ನಿಂತು ತಮ್ಮನಿಗೆ ಫೋನು ಮಾಡಿದೆ, ಹೂ ತೆಗೆದುಕೊಂಡೆ, ಮನೆಗೆ ಓಡಿದೆ. ಸಂಜೆ ರಿಪೋರ್ಟು ತರಲೂ ಹೋಗಲಿಲ್ಲ. ಗೊತ್ತಿರುವುದನ್ನು ತರುವುದೇನು ಎನ್ನಿಸಿತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ನಡುಮನೆಯಲ್ಲಿ ಚಾಪೆ ಹಾಸಿ, ಅಕ್ಕಸಾಲಿಗರು ಚಿನ್ನದ ತಂತಿ ತೆಗೆದಿಟ್ಟುಕೊಂಡು ಕೂತಿದ್ದರು. ಪುಟ್ಟಿ ಮಾವನ ತೊಡೆಯ ಮೇಲೆ, ಬಾಯಲ್ಲಿ ಸಕ್ಕರೆ ಅಚ್ಚು. ಅತ್ತೆಯ ಕಡೆಯ ಹೆಂಗಸರು ಏಳೆಂಟು ಮಂದಿ. ಅಷ್ಟು ಜನ ಮನೆಗೆ ಬಂದು ಎಷ್ಟೋ ಕಾಲವಾಗಿತ್ತು, ನನಗೆ ಒಳಗೊಳಗೇ ಹಿಗ್ಗು. ಆಗ ಬಾಗಿಲಲ್ಲಿ ಬಿಳಿ ಕೋಟು ಕಂಡಿತು. ಅವರು ಓಡಿಕೊಂಡೇ ಬಂದಿದ್ದರು ಎಂದು ಕಾಣುತ್ತದೆ, ಏದುಸಿರು ನಿಂತಿರಲಿಲ್ಲ.

ಅವರನ್ನು ಮೊದಲು ನೋಡಿದವಳು ಪುಟ್ಟಿ. ಅವಳ ಮನೆಯೊಳಗೆ, ಅವಳ ಮಾವನ ತೊಡೆಯವರೆಗೆ ಸೂಜಿ ಆಂಟಿ ಬಂದುಬಿಟ್ಟಿದ್ದರು. ಮಗು ಕಿರುಚಿದ ರೀತಿಗೆ ಸಕ್ಕರೆ ಗಂಟಲಲ್ಲಿ ಸಿಕ್ಕಿ ಕೆಮ್ಮಿ ನೀಲಿಯಾದಳು. ನನ್ನ ತಮ್ಮ ಅವಳ ಬೆನ್ನು ತಟ್ಟಿದ. ಅಕ್ಕಸಾಲಿಗರು ತಂತಿ ಹಿಡಿದುಕೊಂಡು ಹಾಗೇ ಕೂತರು.

"ಇವತ್ತು ಬೇಡ್ರೀ. ನಿನ್ನೆ ಐದೇ ಬಂದಿರೋದು. ಫೋನ್ ಮಾಡ್ತಾನೇ ಇದೀನಿ, ಯಾರೂ ಎತ್ತಲಿಲ್ಲ" ಎಂದರು ಮೇಡಂ. ರಿಜಿಸ್ಟರಿನಲ್ಲಿದ್ದದ್ದು ನನ್ನ ಗಂಡನ ನಂಬರು. ಅವರದು ಆ ವಾರ ಎರಡು ಪಾಳಿ, ಫೋನು ಲಾಕರಿನಲ್ಲಿ.

ಅತ್ತೆ ಎದ್ದು ನಿಂತರು. "ಯಾರಮ್ಮ ನೀನು? ಸುಬಕಾರ್ಯದ ಒತ್ನಲ್ಲಿ ರಕ್ತ ತೆಗ್ಯೋಳು ಒಸ್ಲು ತುಳೀತಾಳಾ? ಮಗೀಗೆ ಏನಾರ ಆಗಿದ್ರೆ? ನಿನ್ ಮಕ್ಳಾಗಿದ್ರೆ ಇಂಗೆ ಬತ್ತಿದ್ದಾ? ಮಕ್ಳಿದ್ರೆ ತಾನೆ ಗೊತ್ತಾಗೋದು."

ನನ್ನ ಎಣಿಕೆ ಎಲ್ಲೋ ತಪ್ಪಿದೆ ಎಂದು ನನಗೆ ಆ ಹೊತ್ತಿಗೆ ತಿಳಿದಿತ್ತು. ನಾನು ಒಂದು ಮಾತು ಹೇಳಬೇಕಿತ್ತು. ಅತ್ತೆ, ತಪ್ಪು ಅವರದಲ್ಲ, ಚೀಟಿ ತರದೆ ಬಂದವಳು ನಾನು. ಹೇಳಿದ್ದರೆ ಚೀಟಿ ಯಾಕೆ ತರಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಸದ್ದು ಕೇಳಿ ಲೆಕ್ಕ ಹಾಕಿದೆ ಎಂದು ಆ ಹೆಂಗಸರ ಮುಂದೆ ಹೇಗೆ ಹೇಳಲಿ? ಮಗುವನ್ನು ಎತ್ತಿಕೊಂಡು ಒಳಗೆ ಹೋದೆ. ಹೊರಗೆ ಅವರು, "ಚುಚ್ಚಬೇಡಿ ಅಣ್ಣ, ದಯವಿಟ್ಟು" ಎಂದು ಅಕ್ಕಸಾಲಿಗರಿಗೆ ಹೇಳುವುದು ಕೇಳಿಸಿತು. ಆಮೇಲೆ ಗೇಟಿನ ಸದ್ದು. ನಮ್ಮ ಮನೆಗೆ ಅವರು ಬಂದದ್ದು ಅದೊಂದೇ ಸಲ. ಒಂದು ಲೋಟ ನೀರೂ ಕುಡಿಯದೆ ಹೋದರು.

ನಾಲ್ಕನೆಯ ದಿನ ಪುಟ್ಟಿಗೆ ಜ್ವರ ಬಂತು. ಚುಚ್ಚದೇ ಇದ್ದ ಕಿವಿಯ ಒಳಗಿನಿಂದಲೇ ಸೋಂಕು. ಆರು ದಿನ ಆಸ್ಪತ್ರೆ, ರಕ್ತನಾಳಕ್ಕೆ ಔಷಧಿ. ಅದರ ಮೇಲೆ ಚುಚ್ಚಿದ ಗಾಯಗಳೂ ಇದ್ದಿದ್ದರೆ ಎಂದು ಡಾಕ್ಟರು ತಲೆ ಆಡಿಸಿದರು. ಅತ್ತೆ ವಾರ್ಡಿನ ಹೊರಗೆ ಗೋಡೆಗೆ ಒರಗಿ ಕೂತಿದ್ದರು. ಆ ದಿನದಿಂದ ಅವರು ಲ್ಯಾಬ್ ಮೇಡಂ ವಿಷಯ ಕೆಟ್ಟದ್ದೂ ಆಡಲಿಲ್ಲ, ಒಳ್ಳೆಯದೂ ಆಡಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲಿನ ಮಂಗಳವಾರ ಲ್ಯಾಬಿಗೆ ಹೋಗುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರೇ ಮೊದಲು ಹೇಳಿದರು. "ನೀವು ಹೊರಗೆ ಕೂತ್ಕೊಂಡು ಎಣಿಸ್ತೀರ ಅಂತ ನನಗೆ ಗೊತ್ತಿತ್ತು ಕಣ್ರೀ. ಗಾಜಲ್ಲಿ ನೆರಳು ಕಾಣುತ್ತೆ, ಬೆರಳು ಮಡಿಸೋದು. ಆ ಸಡ್ಲ ಕೀಲಿ ಒಂದೊಂದ್ಸಲ ಎರಡೆರಡು ಸಲ ಬೀಳ್ತಿತ್ತು. ನಿಮ್ಮ ಕಣಕ್ಕೆ ತಪ್ಪು ಲೆಕ್ಕ ಬರಬಾರ್ದು ಅಂತ ಆ ವಾರದಿಂದ ಪಕ್ಕದ ಕೀಲಿಗೆ ಹಾಕ್ಕೊಂಡೆ. ಸಡ್ಲದ್ದನ್ನ ಬೇರೆ ಜಾತಿಗೆ ಕೊಟ್ಟೆ. ನಿಮಗೆ ಹೇಳೋದು ಮರ್ತೆ. ನನ್ನದೇ ತಪ್ಪು."

ನನ್ನದೇ ತಪ್ಪು ಎಂದು ಅವರು ಹೇಳಿದರು. ನಾನು ಜೋಡಿಸಿಕೊಂಡು ಬಂದಿದ್ದ ಮಾತಿಗೆ ಜಾಗವಿಲ್ಲದೆ ಹೋಯಿತು. "ಅತ್ತೆ ಹಾಗೆಲ್ಲ ಅಂದದ್ದಕ್ಕೆ ಬೇಜಾರು ಮಾಡ್ಕೋಬೇಡಿ" ಎಂದೆ. ಅವರು ಗಾಜಿನ ಪಟ್ಟಿ ಒರೆಸುತ್ತ, "ಅವ್ರು ಹೇಳಿದ್ರಲ್ಲಿ ಒಂದು ನಿಜ ಇದೆ. ನಾನು ಬಾಗಿಲಲ್ಲಿ ನಿಂತ್ಕೊಂಡು ನಿಮ್ಮನ್ನ ಹೊರಗೆ ಕರೀಬೇಕಿತ್ತು. ಮಗು ಕಣ್ಣಿಗೆ ಬೀಳ್ಬಾರ್ದಿತ್ತು" ಎಂದರು.

ಆವತ್ತಿನಿಂದ ಶುರುವಾಯಿತು ಅವರ ರಸ್ತೆ ದಾಟುವುದು. ನಾನು ಪುಟ್ಟಿಯನ್ನು ಕರೆದುಕೊಂಡು ಎದುರಿಗೆ ಬರುತ್ತಿದ್ದರೆ, ಇನ್ನೂ ದೂರದಲ್ಲಿರುವಾಗಲೇ ಅವರು ಆ ಬದಿಗೆ ಹೋಗಿಬಿಡುವರು. ಅಲ್ಲಿಂದಲೇ ನನಗೆ ಮಾತ್ರ ಕಾಣುವಷ್ಟು ತಲೆಯಾಡಿಸುವರು. ಕೈಯಲ್ಲಿ ಊಟದ ಡಬ್ಬಿಯ ಚೀಲ, ಹಿಂದೆ ಮುಂದೆ ಬಸ್ಸು, ಟೆಂಪೊ. ಮಗು ಬೀದಿಯಲ್ಲಾದರೂ ಹೆದರದೆ ನಡೆಯಲಿ ಎಂದು. ನಮ್ಮೊಬ್ಬರಿಗೇ ಅಲ್ಲ. ಗಮನಿಸಿ ನೋಡಿದರೆ, ಎಲ್ಲ ಪುಟ್ಟ ಮಕ್ಕಳಿಗೂ ಅವರು ಹಾಗೇ ದಾರಿ ಬಿಡುತ್ತಿದ್ದರು. ಗಿರಣಿಯಿಂದ ಲ್ಯಾಬಿನವರೆಗಿನ ದಾರಿಗೆ ಅವರಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ.

ಪುಟ್ಟಿಗೆ ನಾಲ್ಕು ತುಂಬುವ ಮೊದಲೇ ಸಂಖ್ಯೆ ಏರತೊಡಗಿತು. ಹನ್ನೆರಡು, ಹತ್ತೊಂಬತ್ತು, ಮೂವತ್ತು. ಮತ್ತೆ ಇಳಿಯಿತು, ಮತ್ತೆ ಏರಿತು. ನಾಲ್ಕೂವರೆಗೆ, ಸತತ ಮೂರು ಸಲ ಸರಿಯಾಗಿ ಬಂದ ಮೇಲೆ, ಇನ್ನು ಪದೇಪದೇ ರಕ್ತ ನೋಡಿಸಬೇಕಿಲ್ಲ ಎಂದರು ಡಾಕ್ಟರು. ಕೊನೆಯ ಚೀಟಿ ಕೊಡುವಾಗ ಮೇಡಂ ಎಂದಿಗಿಂತ ದಪ್ಪಗೆ ಬರೆದಿದ್ದರು, ಪೆನ್ಸಿಲಿನ ಮೊನೆ ಮುರಿದ ಗುರುತಿತ್ತು. "ಸೆಕ್ಯೂರಿಟಿಗೆ ಬುದ್ಧಿ ಬಂತು ನೋಡಿ" ಎಂದರು. ಆಮೇಲೆ ಕೈ ಒರೆಸಿಕೊಂಡು, ನನ್ನ ಮುಖ ನೋಡದೆ ಆ ಒಂದು ಮಾತು ಕೇಳಿದರು. ಒಂದ್ಸಲ ಸುಮ್ನೆ, ಸೂಜಿ ಇಲ್ದೆ.

ಯಾಕೆ ಹೋಗಲಿಲ್ಲ? ಮೊದಲ ತಿಂಗಳುಗಳಲ್ಲಿ ಆ ಮೆಟ್ಟಿಲು ಕಂಡರೇ ಪುಟ್ಟಿ ನನ್ನ ಸೀರೆ ಹಿಡಿದು ಎಳೆಯುವಳು. ಆಮೇಲೆ ಕಿವಿ ಚುಚ್ಚಿಸುವುದು, ಅದಕ್ಕೆ ಅವರನ್ನು ಕರೆಯಬೇಕೆಂದುಕೊಂಡು ಅತ್ತೆಯ ಮುಖ ನೋಡಿ ಸುಮ್ಮನಾದೆ. ಆಮೇಲೆ ಶಾಲೆ. ಮಗಳು ಮೆಟ್ಟಿಲು ಕಂಡು ಹೆದರುವುದನ್ನು ಯಾವಾಗ ಬಿಟ್ಟಳು ಎಂದೇ ನನಗೆ ನೆನಪಿಲ್ಲ. ನಿಜ ಹೇಳುತ್ತೇನೆ. ಮಗಳಲ್ಲ, ಆ ವರ್ಷಗಳ ಕಡೆ ತಿರುಗಿ ನೋಡಲು ಹೆದರುತ್ತಿದ್ದವಳು ನಾನು. ಸಂಕ್ರಾಂತಿಗೆ ಎಳ್ಳಿನ ಪೊಟ್ಟಣವನ್ನು ಮಗಳ ಕೈಲಲ್ಲ, ಗಂಡನ ಕೈಲಿ ಕಳಿಸುತ್ತಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ಶಾಲೆಯಿಂದ ಪುಟ್ಟಿಯ ಜೊತೆ ನಡೆದು ಬರುತ್ತಿದ್ದೆ. ಎದುರಿಗೆ ಅವರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಸ್ವೆಟರು ಅದೇ. ನಮ್ಮನ್ನು ಕಂಡ ಕೂಡಲೇ ನಿಂತು, ಎರಡೂ ಕಡೆ ನೋಡಿ, ನಿಧಾನವಾಗಿ ರಸ್ತೆ ದಾಟಿದರು. ಒಂದು ಆಟೋ ಬ್ರೇಕ್ ಹಾಕಿ ಬೈದುಕೊಂಡು ಹೋಯಿತು. ಆ ಬದಿಯಿಂದ ನನಗೆ ತಲೆಯಾಡಿಸಿದರು.

"ಅಮ್ಮ, ಆ ಆಂಟಿ ಯಾವಾಗ್ಲೂ ನಮ್ಮನ್ನ ಕಂಡ್ರೆ ಆ ಕಡೆ ಹೋಗ್ತಾರೆ. ನಮ್ಮ ಮೇಲೆ ಕೋಪಾನಾ?" ಎಂದಳು ಮಗಳು.

"ಇಲ್ಲ ಕಣೇ" ಎಂದೆ. ಕೂಗಿ ಕರೆಯಬಹುದಿತ್ತು. ಕೈಯಲ್ಲಿ ಹಾಲಿನ ಪ್ಯಾಕೆಟ್ಟಿತ್ತು, ಬಿಸಿಲಿತ್ತು. ಅವರು ಗಿರಣಿಯ ಬೀದಿಗೆ ತಿರುಗಿ ಮರೆಯಾದರು. ನಾನು ನೋಡಿದ್ದು ಅದೇ ಕೊನೆ.

ಸುದ್ದಿ ತಿಳಿದ ಮೇಲಿನ ಭಾನುವಾರ ಮಗಳನ್ನು ಕರೆದುಕೊಂಡು ಲ್ಯಾಬಿಗೆ ಹೊರಟೆ. ದಾರಿಯಲ್ಲಿ ಎಲ್ಲ ಹೇಳಿದೆ, ಕುರು, ಕಿವಿ, ಚೀಟಿ, ಆ ಬುಧವಾರ. ಪುಟ್ಟಿ ಕೇಳುತ್ತ ಬಂದಳು. "ನನಗೆ ಒಂದೂ ನೆನಪಿಲ್ಲಮ್ಮ. ಹೇಳಿದ್ರೆ ನಾನೇ ಹೋಗಿ ಮಾತಾಡಿಸ್ತಿದ್ನಲ್ಲ" ಎಂದಳು. ನಾನು ಮೆಟ್ಟಿಲು ಹತ್ತತೊಡಗಿದೆ.

ಕನ್ನಡಕದ ಮೇಡಂಗೆ ವಿಷಯ ಹೇಳಿದೆ. ಹಳೆಯ ಗಾಜಿನ ಪಟ್ಟಿಗಳು ಯಾವುದೂ ಇರಲಿಲ್ಲ, ಅವನ್ನು ಇಡುವ ಪದ್ಧತಿಯೇ ಇಲ್ಲ. ಮೈಕ್ರೋಸ್ಕೋಪು ಬಟ್ಟೆ ಹೊದ್ದುಕೊಂಡು ಕೂತಿತ್ತು. "ಈಗೆಲ್ಲ ಮಿಷನ್ನೇ ಜಾತಿನೂ ಬಿಡಿಸಿಕೊಡುತ್ತೆ. ಅನುಮಾನ ಬಂದ್ರೆ ಮಾತ್ರ ನೋಡ್ತೀವಿ. ಹೊಸದಾಗಿ ಒಂದು ಮಾಡಿ ತೋರಿಸ್ಬಹುದು. ಆದ್ರೆ ಒಂದು ಹನಿ ರಕ್ತ ಬೇಕಲ್ಲ" ಎಂದರು.

ಸೂಜಿಯಿಲ್ಲದೆ ಎಂದಿದ್ದರು ಅವರು. ಆಗಲೇ ಹೋಗಿದ್ದರೆ ಕೊನೆಯ ಸಲದ ಪಟ್ಟಿಯನ್ನೇ ತೋರಿಸುತ್ತಿದ್ದರು. ಏನು ಹೇಳುವುದೆಂದು ನಾನು ಯೋಚಿಸುತ್ತಿದ್ದ ಹಾಗೆ ಪುಟ್ಟಿ ಎಡಗೈ ಚಾಚಿ ಕೂತುಬಿಟ್ಟಳು.

"ಏನೂ ಆಗಲ್ಲ ಪುಟ್ಟಾ, ಇರುವೆ ಕಚ್ಚಿದ ಹಾಗೆ" ಎಂದರು ಮೇಡಂ.

"ನೋಯುತ್ತೆ. ಹತ್ತು ಎಣಿಸು" ಎಂದೆ ನಾನು.

ಆರಕ್ಕೇ ಮುಗಿಯಿತು. ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಒಣಗಿಸಿ, ಮೇಡಂ ಅವಳನ್ನು ಒಳಗೆ ಕರೆದುಕೊಂಡು ಹೋದರು. ಹಳೇ ಪೆಟ್ಟಿಗೆ ಇನ್ನೂ ಇದೆಯೇ ಎಂದು ಕೇಳಿದೆ. ಕಪಾಟಿನಿಂದ ತೆಗೆದರು. ಈ ಸಲ ಸಡಿಲ ಕೀಲಿ ಯಾವ ಕಣಕ್ಕೆ ಎಂದು ಮೊದಲೇ ವಿಚಾರಿಸಿದೆ. ಅವರು ನಕ್ಕು, "ನೀವೇ ಹೇಳಿ" ಎಂದರು. ಹೇಳಿದೆ.

ನೀನೂ ಬಾ ಎಂದಳು ಪುಟ್ಟಿ. ನಾನು ಇಲ್ಲೇ ಇರುತ್ತೇನೆ ಎಂದು ಹೊರಗೆ ಬೆಂಚಿನ ಮೇಲೆ ಕೂತೆ. ಮಸುಕು ಗಾಜಿನ ಆಚೆ ಮೇಡಂ ಹೇಳಿಕೊಡುವುದು, ಮಗಳು ಒಂದೊಂದೇ ಹುಡುಕಿ ಒತ್ತುವುದು ಕೇಳಿಸುತ್ತಿತ್ತು. "ಇದು ಅದೇನಾ?" "ಹ್ಞೂಂ, ಅದೇ." ಚಟ್. "ಇದೂ?" ಚಟ್. ಟಕ್. ಚಟ್, ಚಟ್. ಕೆಳಗೆ ಪಾತ್ರೆ ಅಂಗಡಿಯವರು ಏನನ್ನೋ ಬೀಳಿಸಿದರು. ಚಟ್ ಎಂದಾಗಲೆಲ್ಲ ಒಂದು ಬೆರಳು ಮಡಿಸುತ್ತ, ಕೈಗೆ ಐದರಂತೆ ಐದು ಕೈ ತುಂಬಿ, ಹತ್ತು ಕೈ ತುಂಬಿ, ಹನ್ನೊಂದನೆಯದು ಅರ್ಧವಾಗಿರುವಾಗ ಗಂಟೆ ಬಾರಿಸಿತು.

ಚೀಟಿಗೆಂದು ಕೈ ಚಾಚಿ ಬಾಗಿಲ ಕಡೆ ನೋಡಿದೆ.